ಅಮ್ಮನ ಬೆವರು

ಫೆಬ್ರವರಿ ೧೧

ಕಟ್ಟಿರುವೆಗೆ,

ಎಲ್ಲರೂ ಕ್ಷೇಮ ಎಂದು ಶುರುಮಾಡುವುದು ವಾಡಿಕೆ. ಈ ಸಲ ಆ ಸಾಲನ್ನು ಹಾರಿಸಿದ್ದೇನೆ, ಅಷ್ಟರಲ್ಲೇ ನಿನಗೆ ಅರ್ಥವಾಗಬಹುದು. ಫೋನ್ ಮಾಡಬಹುದಿತ್ತು. ಆದರೆ ಅಕ್ಕತಂಗಿಯರ ಫೋನು ಹೇಗೆ ಮುಗಿಯುತ್ತದೆಂದು ನಿನಗೂ ಗೊತ್ತು. ನೀನು ಕಚ್ಚುತ್ತೀಯ, ನಾನು ಇಟ್ಟುಬಿಡುತ್ತೇನೆ, ಆಮೇಲೆ ಇಬ್ಬರೂ ತಿಂಗಳುಗಟ್ಟಲೆ ಮುಖ ಊದಿಸಿಕೊಂಡಿರುತ್ತೇವೆ. ಕಾಗದದಲ್ಲಾದರೆ ನೀನು ಮಧ್ಯೆ ಬಾಯಿ ಹಾಕುವಂತಿಲ್ಲ.

ನನಗೆ ಬೆವರು ಶುರುವಾಗಿದೆ.

ಅಂಗಡಿಯಲ್ಲಿ ಒಂದು ಹಳೆಯ ಕೈಗಡಿಯಾರ ಬಿಚ್ಚಿಕೊಂಡು ಕೂತಿದ್ದೆ. ಎದೆಯ ನಡುವಿನಿಂದ ಬಿಸಿ ಎದ್ದು ಕುತ್ತಿಗೆಗೆ, ಕೆನ್ನೆಗೆ, ಕಿವಿಗೆ ಏರಿತು. ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಲೆನ್ಸು ಮಂಜಾಯಿತು. ನಮ್ಮ ಮೇಜಿನ ಹತ್ತಿರ ಫ್ಯಾನು ಹಾಕುವಂತಿಲ್ಲವಲ್ಲ, ಅಪ್ಪನ ಕಾಲದಿಂದಲೂ ಅದೇ ಕಟ್ಟಳೆ. ಎಳ್ಳಿಗಿಂತ ಸಣ್ಣ ಸ್ಕ್ರೂಗಳು ಹಾರಿಹೋಗುತ್ತವೆ, ಧೂಳು ಒಳಗೆ ಕೂರುತ್ತದೆ. ಹಾಗೇ ಕೂತು ಬೆಂದೆ. ಮುಗಿದ ಮೇಲೆ ಬೆನ್ನಿಗೆ ರವಿಕೆ ಅಂಟಿಕೊಂಡು ನಡುಕ ಬಂತು. ಅದಾದ ಮೇಲೆ ದಿನಕ್ಕೆ ಹಲವು ಸಲ. ಮಲಗಿದಾಗಲೂ ಬಿಡುವುದಿಲ್ಲ, ಎದ್ದಾಗ ಹಾಸಿಗೆ ಹಿಂಡುವಂತಿರುತ್ತದೆ. ಮುಟ್ಟು ಕೂಡ ಒಂದೆರಡು ತಿಂಗಳಿಂದ ಬಂದಿಲ್ಲ. ಅಮ್ಮನಿಗೂ ಇದೇ ಕ್ರಮದಲ್ಲಿ ಬಂದಿತ್ತು. ಮೊದಲು ಮುಟ್ಟು ನಿಂತಿತು, ಆಮೇಲೆ ಬೆವರು.

ನೀನಾಗ ಚಿಕ್ಕವಳು, ನಿನ್ನನ್ನು ಚಿಕ್ಕಮ್ಮನ ಮನೆಗೆ ಕಳಿಸಿದ್ದರು. ಅಮ್ಮನ ಹಾಸಿಗೆ ಬದಲಿಸುತ್ತಿದ್ದವಳು ನಾನು. ಎದೆಯಲ್ಲಿ ಏನಿತ್ತೆಂದು ನನಗೆ ಯಾರೂ ತೋರಿಸಲಿಲ್ಲ, ಹೇಳಲೂ ಇಲ್ಲ. ನನಗೆ ಕಂಡದ್ದು ಬೆವರು ಮಾತ್ರ. ಆಮೇಲೆ ಚಿಕ್ಕಮ್ಮನಿಗೆ ಅದೇ ಕಾಯಿಲೆ ಬಂದಾಗ ಅವಳೂ ಒದ್ದೆಯಾಗಿ ಕೂತುಕೊಂಡು ನನಗೆ ಹೇಳಿದ್ದು ನೆನಪಿದೆ: "ಅಕ್ಕನಿಗೆ ಬೆವರು ಬಂದಾಗ್ಲೇ ನಂಗೆ ಗೊತ್ತಾಯ್ತು, ಇನ್ನು ಮುಗೀತು ಅಂತ. ಈಗ ನಂದೂ ಬಂತು ನೋಡು." ಅಜ್ಜಿಯನ್ನಂತೂ ನಾವು ನೋಡಿಯೇ ಇಲ್ಲ, ಅದೇ ಕಾಯಿಲೆಯಲ್ಲಿ ಹೋದವಳು. ಮೂವರಲ್ಲಿ ಯಾರೂ ಐವತ್ತು ಕಾಣಲಿಲ್ಲ. ಈ ವರ್ಷ ನನಗೆ ನಲವತ್ತೆಂಟು ತುಂಬುತ್ತದೆ. ಅಮ್ಮ ಹೋದ ವಯಸ್ಸು.

ಪಕ್ಕದ ಅಂಗಡಿಯ ಟೈಲರಮ್ಮ, ವಯಸ್ಸಾಗ್ತಾ ಬಂದ್ರೆ ಎಲ್ಲ ಹೆಂಗಸರಿಗೂ ಹೀಗೇ ಅಂದಳು. ಅವಳಿಗೇನು, ಅವಳ ಅಮ್ಮ ಎಂಬತ್ತು ದಾಟಿ ಇನ್ನೂ ಸೊಸೆಯನ್ನು ಬೈಯುತ್ತಾ ಕೂತಿದ್ದಾಳೆ. ಅಂಥ ಮನೆಯಲ್ಲಿ ಅದು ವಯಸ್ಸಿನ ಬೆವರು. ನಮ್ಮ ಮನೆಯಲ್ಲಿ ಆ ವಯಸ್ಸು ಮುಟ್ಟಿದವರು ಯಾರಿದ್ದಾರೆ, ಕೇಳೋಣವೆಂದರೆ?

ನಿನ್ನ ಭಾವನಿಗೆ ಹೇಳಿಲ್ಲ. ಅವರು ರಾತ್ರಿ ಬಸ್ಸು ಓಡಿಸಿ ಬೆಳಿಗ್ಗೆ ಮನೆಗೆ ಬರುವಷ್ಟರಲ್ಲಿ ನಾನು ಹೊದಿಕೆ ಒಗೆದು ಹರವಿರುತ್ತೇನೆ. ಹೊಸ ರಿಪೇರಿ ತೆಗೆದುಕೊಳ್ಳುವುದನ್ನು ನಿಲ್ಲಿಸಿದ್ದೇನೆ, ಇರುವುದನ್ನು ಮುಗಿಸಿ ಕೊಟ್ಟುಬಿಡಬೇಕು. ಪರರ ವಸ್ತು ನಮ್ಮಲ್ಲಿ ಉಳಿಯಬಾರದು. ನಿನ್ನ ಮಗಳಿಗೆ ಏನೂ ಹೇಳಬೇಡ.

ನಿನ್ನ ಅಕ್ಕ

*

ಫೆಬ್ರವರಿ ೨೪

ಅಕ್ಕಾ,

ನಿನ್ನ ಕಾಗದವನ್ನು ಕೋಲ್ಡ್ ಸ್ಟೋರೇಜಿನ ಬಾಗಿಲಲ್ಲಿ ನಿಂತು ಓದಿದೆ. ಒಳಗೆ ಹೋಗಲಿಲ್ಲ, ಹೊರಗೂ ಬರಲಿಲ್ಲ. ಬಾಗಿಲು ತೆರೆದಿಟ್ಟು ಸರಕು ಹಾಳುಮಾಡ್ತೀರಾ ಎಂದು ಮ್ಯಾನೇಜರನ ಹತ್ತಿರ ಬೈಸಿಕೊಂಡೆ. ಹತ್ತು ವರ್ಷದಿಂದ ಆ ಮಾತನ್ನು ನಾನು ಕೆಲಸದವರಿಗೆ ಹೇಳುತ್ತಾ ಬಂದವಳು.

ಹೊಸ ರಿಪೇರಿ ನಿಲ್ಲಿಸಿದ್ದೀಯಂತೆ. ಭೇಷ್. ಇನ್ನೇನು, ಹೆಣಕ್ಕೆ ಹೊದಿಸುವ ಬಟ್ಟೆಯನ್ನೂ ಒಗೆದಿಟ್ಟಿರಬೇಕು. ಡಾಕ್ಟರ ಹತ್ತಿರ ಹೋದೆ ಎಂಬ ಒಂದು ಸಾಲು ಅಷ್ಟು ಉದ್ದದ ಕಾಗದದಲ್ಲಿ ಎಲ್ಲೂ ಇಲ್ಲ. ಬೆವರು ಬಂದಿದ್ದರೆ ಬಂತು, ಈಗ ಅಮ್ಮನ ಕಾಲವಲ್ಲ. ಬೇಗ ಹೋದರೆ ಬೇಗ ಹಿಡಿಯುತ್ತಾರೆ. ನಮ್ಮ ಲೆಕ್ಕದ ವಿಭಾಗದ ಒಬ್ಬರ ಹೆಂಡತಿಗೆ ಇದೇ ಬಂದು, ವಾಸಿಯಾಗಿ, ಈಗ ಗಂಡನಿಗಿಂತ ಗಟ್ಟಿಯಾಗಿದ್ದಾಳೆ. ಅಳುವುದೇನಿದ್ದರೂ ಪರೀಕ್ಷೆ ಆದ ಮೇಲೆ ಅಳು.

ನನ್ನ ಚಿಂತೆ ಬೇಡ. ನನಗೆ ಒಂದು ಹನಿ ಬೆವರಿಲ್ಲ. ದಿನವಿಡೀ ಮಂಜುಗಡ್ಡೆಯ ಕೋಣೆಯಲ್ಲಿ ಕಂಬಳಿಯಂಥ ಜಾಕೆಟ್ಟು ಹಾಕಿ ಓಡಾಡುತ್ತೇನೆ, ಮನೆಗೆ ಬಂದರೂ ಅಂಗೈ ತಣ್ಣಗೇ ಇರುತ್ತದೆ. ಮಗಳು ನನ್ನ ಕೈ ಹಿಡಿದು, ನೀನು ಮೀನಿನ ಜಾತಿ ಎನ್ನುತ್ತಾಳೆ. ಕೆಲಸಗಾರರು ಕಡಿಮೆ ಇರುವ ದಿನ ನಾನೂ ಕ್ರೇಟು ಎತ್ತುತ್ತೇನೆ. ಎತ್ತಿ ಎತ್ತಿ ಎಡಗಡೆ, ಎದೆಯ ಅಂಚಿಗೆ, ಕಂಕುಳ ಪಕ್ಕ ಒಂದು ಗಂಟು ಕಟ್ಟಿಕೊಂಡಿದೆ. ನೋವಿಲ್ಲ, ಜಿಪ್ಪು ಎಳೆಯುವಾಗ ತಾಗುತ್ತದೆ ಅಷ್ಟೆ. ದುಡಿಯುವ ಮೈಗೆ ಇದೆಲ್ಲ ಇದ್ದದ್ದೇ.

ಬರುವ ವಾರ ಡಾಕ್ಟರ ಹತ್ತಿರ ಹೋಗಿ ಬಂದು ಬರೆ. ಹೋಗದೆ ಬರೆಯಬೇಡ.

ಕಚ್ಚುವವಳು

*

ಮಾರ್ಚ್ ೯

ಕಟ್ಟಿರುವೆಗೆ,

ಹೋಗದೆ ಬರೆಯುತ್ತಿದ್ದೇನೆ, ಏನು ಮಾಡುತ್ತೀಯೋ ಮಾಡು. ನನಗೆ ಗೊತ್ತಿರುವುದನ್ನೇ ಹೇಳುವ ಡಾಕ್ಟರಿಗೆ ನಾನೇಕೆ ಬೆಳಗಿನಿಂದ ಸಾಲಿನಲ್ಲಿ ಕೂರಬೇಕು? ಹೆಸರು ಹಿಡಿದು ಕರೆದರೆ ಅದು ಎದ್ದು ಬಂದು ಎದುರಿಗೆ ಕೂರುತ್ತದೆ. ಕರೆಯದಿದ್ದರೆ ಇನ್ನೂ ಒಂದಷ್ಟು ದಿನ ಬಾಗಿಲಾಚೆ ಇರುತ್ತದೆ.

ಆದರೆ ಕೆಲಸ ಕೆಟ್ಟಿತು. ಒಬ್ಬ ಮುದುಕರು ತಮ್ಮ ಹೆಂಡತಿಯ ಗಡಿಯಾರ ಕೊಟ್ಟಿದ್ದರು, ಆಕೆ ತೀರಿಕೊಂಡಿದ್ದಾರೆ. ಕೂದಲಿನಂಥ ಸ್ಪ್ರಿಂಗನ್ನು ಚಿಮಟದಲ್ಲಿ ಹಿಡಿದಿದ್ದೆ. ಬಿಸಿ ಏರಿತು, ಹಣೆಯಿಂದ ಒಂದು ಹನಿ ನೇರ ಒಳಗೆ ಬಿತ್ತು. ಉಪ್ಪುನೀರು ಅದು, ಉಕ್ಕಿಗೆ ವಿಷ. ಒರೆಸಲು ಹೋದರೆ ಚಿಮಟ ಜಾರಿ ಸ್ಪ್ರಿಂಗು ಸೊಟ್ಟಗಾಯಿತು. ಮೂವತ್ತು ವರ್ಷದಲ್ಲಿ ಒಮ್ಮೆಯೂ ಹೀಗಾಗಿರಲಿಲ್ಲ. ಹಿಂದಿನ ದಿನ ಬಿಚ್ಚಿದ ಗಡಿಯಾರದ ಭಾಗಗಳನ್ನು ಯಾವ ಬಟ್ಟಲಿನಲ್ಲಿಟ್ಟೆ ಎಂಬುದೂ ಮರೆತುಹೋಗಿತ್ತು. ಮುದುಕರು ಬಂದಾಗ ಹೇಳಿದೆ. ಅವರು ಗಡಿಯಾರವನ್ನು ಕಿವಿಗಿಟ್ಟುಕೊಂಡು ನೋಡಿ ಜೇಬಿಗೆ ಹಾಕಿಕೊಂಡು ಹೋದರು. ಬೈದಿದ್ದರೆ ವಾಸಿಯಿತ್ತು.

ಸಿಟ್ಟಂತೂ ಮೂಗಿನ ತುದಿಯಲ್ಲೇ ಇರುತ್ತದೆ. ಬೆಳಿಗ್ಗೆ ಬೆಳಿಗ್ಗೆ ಯಾಕೆ ದಿನಾ ಹೊದಿಕೆ ಒಗೀತೀಯ ಎಂದು ನಿನ್ನ ಭಾವ ಕೇಳಿದ್ದಕ್ಕೆ ಕೈಯಲ್ಲಿದ್ದ ಬಕೆಟ್ಟು ಎತ್ತಿ ಎಸೆದೆ. ಅವರು ಒದ್ದೆ ಪ್ಯಾಂಟಿನಲ್ಲೇ ನಿಂತು, ನಾನು ಕೇಳಿದ್ದು ತಪ್ಪಾಯ್ತು ಅಂದರು. ಆಮೇಲೆ ನಾನು ಬಚ್ಚಲಲ್ಲಿ ಕೂತು ಅತ್ತೆ.

ನಿನಗೆ ಬೆವರಿಲ್ಲ ಎಂದು ಓದಿ ಸಮಾಧಾನವಾಯಿತು. ನಮ್ಮಲ್ಲಿ ಒಬ್ಬಳಾದರೂ ಉಳಿಯಲಿ. ಆ ಗಂಟಿಗೆ ಎಣ್ಣೆ ಹಚ್ಚಿ ಚೆನ್ನಾಗಿ ತಿಕ್ಕು, ಬಿಸಿ ಬಟ್ಟೆಯ ಶಾಖ ಕೊಡು. ಅಪ್ಪನಿಗೆ ಹೆಗಲು ಹಿಡಿದಾಗ ಅದೇ ಮಾಡುತ್ತಿದ್ದೆ. ಕ್ರೇಟು ಎತ್ತುವುದನ್ನು ಗಂಡಸರಿಗೆ ಬಿಡು.

ಅಕ್ಕ

*

ಮಾರ್ಚ್ ೨೦

ಅಕ್ಕಾ,

ಭಾವನಿಗೆ ಫೋನ್ ಮಾಡಿ ಎಲ್ಲ ಹೇಳಿದ್ದೇನೆ. ಹೊದಿಕೆ ಯಾಕೆ ಒಗೆಯುತ್ತೀಯ ಎಂಬುದೂ ಅವರಿಗೆ ಈಗ ಗೊತ್ತು.  ರಜೆ ಹಾಕ್ತೀನಿ, ನಾನೇ ಕರ್ಕೊಂಡು ಹೋಗ್ತೀನಿ ಅಂದರು. ಇನ್ನೊಂದು ಬಕೆಟ್ಟು ಎಸೆಯುವುದಿದ್ದರೆ ನನ್ನ ಮೇಲೆ ಎಸೆ.

ಅಮ್ಮನನ್ನು ಕೊನೆಗೆ ನೋಡಲು ನನ್ನನ್ನು ಯಾರೂ ಕರೆಸಲಿಲ್ಲ, ಮಗು ಹೆದರುತ್ತೆ ಅಂತ. ನೀನೂ ಹಾಗೇ ಮಾಡಲು ಹೊರಟಿದ್ದೀಯ. ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡಾಯಿತು. ನೀನೂ ಹೋದರೆ ನಾನು ಯಾರ ಹತ್ತಿರ ಜಗಳ ಆಡಲಿ? ಮಗಳು ನನಗೆ ಎದುರು ಮಾತಾಡುವುದೇ ಇಲ್ಲ, ಅವಳ ಜೊತೆ ಜಗಳದಲ್ಲಿ ರುಚಿಯಿಲ್ಲ.

ಗಂಟಿಗೆ ಎಣ್ಣೆ ತಿಕ್ಕುತ್ತಿದ್ದೇನೆ. ನೀನೂ ನನ್ನ ಒಂದು ಮಾತು ಕೇಳು.

ತಂಗಿ

*

ಏಪ್ರಿಲ್ ೬

ತಂಗೀ,

ಮೊದಲು ಇದನ್ನು ಪೂರ್ತಿ ಓದು. ಇವತ್ತು ಫೋನಿನಲ್ಲಿ ನೀನು ಅರ್ಧಕ್ಕೇ ಇಟ್ಟುಬಿಟ್ಟೆ. ಈ ಸಲ ಇಟ್ಟವಳು ನೀನು.

ಆಸ್ಪತ್ರೆಯಲ್ಲಿ ನಿನ್ನ ಭಾವ ನನ್ನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ನಾನು ಎದ್ದು ಓಡಿಹೋಗದ ಹಾಗೆ ಬಾಗಿಲ ಕಡೆಯ ಕುರ್ಚಿಯಲ್ಲೇ ಕೂತಿದ್ದರು. ಡಾಕ್ಟರು ನಮ್ಮ ವಯಸ್ಸಿನ ಹೆಂಗಸು. ನನಗೆ ಕ್ಯಾನ್ಸರ್ ಬಂದಿದೆ ಎಂದು ನಾನೇ ಅವರಿಗೆ ಹೇಳಿದೆ. ಯಾರು ಹೇಳಿದ್ದು ಎಂದು ಕೇಳಿದರು. ಬೆವರಿನ ಕಥೆ ಹೇಳಿದೆ, ಅಮ್ಮನದು, ಚಿಕ್ಕಮ್ಮನದು, ನನ್ನದು. ಆಕೆ ಪೂರ್ತಿ ಕೇಳಿದರು. ಆಮೇಲೆ ಮೆಲ್ಲಗೆ ಹೇಳಿದರು: "ನಿಮ್ಮ ಅಮ್ಮಂಗೆ ಬಂದದ್ದು ಕಾಯಿಲೆಯ ಬೆವರಲ್ಲಮ್ಮ. ಕಾಯಿಲೆಗೆ ಕೊಟ್ಟ ಔಷಧಿ ಅವರ ಮುಟ್ಟು ನಿಲ್ಲಿಸಿರುತ್ತೆ, ಅದರಿಂದ ಬಂದ ಬೆವರು. ನಿಮ್ಮದು ತಾನಾಗಿ ಮುಟ್ಟು ನಿಲ್ತಿರೋ ಬೆವರು. ಎದೆಯ ಕ್ಯಾನ್ಸರ್ ಹೀಗೆ ಬೆವರಿಂದ ಶುರುವಾಗಲ್ಲ."

ಅಷ್ಟೂ ವರ್ಷ ನಾನು ಹೆದರಿದ್ದು ತಪ್ಪು ಬಾಗಿಲಿಗೆ. ನಗು ಬಂತು. ನಿನ್ನ ಭಾವ ಕಣ್ಣೊರೆಸಿಕೊಳ್ಳುತ್ತಿದ್ದರು, ನಾನು ನಗುತ್ತಿದ್ದೆ. ಹಾಗಾದರೆ ಈ ಬೆವರು ನಿಲ್ಲುವ ಮಾತ್ರೆ ಕೊಡಿ, ಟೈಲರಮ್ಮ ತೆಗೆದುಕೊಂಡು ಆರಾಮಾಗಿದ್ದಾಳೆ ಅಂದೆ. ಅದು ಹಾರ್ಮೋನಿನ ಮಾತ್ರೆ, ನಿಮ್ಮ ಮನೆಯ ಇತಿಹಾಸ ನೋಡಿದರೆ ಹಾಗೆ ಸುಮ್ಮನೆ ಬರೆದುಕೊಡುವಂತಿಲ್ಲ, ಮೊದಲು ಸ್ತನದ ಎಕ್ಸ್‌ರೇ, ರಕ್ತದಲ್ಲಿ ಇದು ಮನೆತನದಿಂದ ಬಂದಿದೆಯೇ ಎಂಬ ಪರೀಕ್ಷೆ, ಆಮೇಲೆ ಯೋಚಿಸೋಣ ಅಂದರು. ಅಲ್ಲಿಯವರೆಗೆ ಬೇರೊಂದು ಮಾತ್ರೆ ಬರೆದರು. ಅದನ್ನು ಮನಸ್ಸು ಕುಗ್ಗಿದವರಿಗೆ ಕೊಡುತ್ತಾರಂತೆ, ಸಣ್ಣ ಪ್ರಮಾಣದಲ್ಲಿ ಕೊಟ್ಟರೆ ಬೆವರನ್ನೂ ತಗ್ಗಿಸುತ್ತದಂತೆ. ಬಕೆಟ್ಟು ಎಸೆಯುವುದನ್ನೂ ತಗ್ಗಿಸಿದರೆ ಒಳ್ಳೆಯದು ಎಂದು ನಿನ್ನ ಭಾವ ಸೇರಿಸಿದರು.

ಆಗ ಡಾಕ್ಟರು ಬರೆಯುತ್ತಲೇ ಕೇಳಿದರು, ನಿಜವಾಗಿ ನೋಡಬೇಕಾದದ್ದು ಗಂಟು, ನಿಮಗೆ ಎದೆಯಲ್ಲಿ, ಕಂಕುಳಲ್ಲಿ ಎಲ್ಲಾದರೂ ಗಂಟಿದೆಯಾ?

ನನಗಿಲ್ಲ, ನನ್ನ ತಂಗಿಗಿದೆ ಅಂದೆ. ಯಾರಿಗೋ ನೆಗಡಿಯಾಗಿದೆ ಎನ್ನುವ ಹಾಗೆ ಅಂದೆ, ಕಟ್ಟಿರುವೆ. ನನ್ನ ಬಾಯಿಂದಲೇ ಬಂದ ಮಾತು ನನ್ನ ಕಿವಿಗೆ ಬೀಳಲು ಸ್ವಲ್ಪ ಹೊತ್ತು ಹಿಡಿಯಿತು. ಡಾಕ್ಟರು ಪೆನ್ನು ಕೆಳಗಿಟ್ಟಿದ್ದರು. ಎಷ್ಟು ದಿನದಿಂದ ಎಂದು ಕೇಳಿದರು. ಗೊತ್ತಿಲ್ಲ, ನಾನು ಎಣ್ಣೆ ತಿಕ್ಕು ಅಂದಿದ್ದೇನೆ ಅಂದೆ.

ಹೊರಗೆ ಬಂದವಳೇ ನಿನಗೆ ಫೋನ್ ಮಾಡಿದೆ. ನೀನು ನಕ್ಕೆ. "ನಂಗೆ ಬೆವರೇ ಇಲ್ವಲ್ಲಕ್ಕಾ" ಅಂದೆ. ನಾನು ಕಿರುಚಿದೆ, ನೀನು ಇಟ್ಟೆ. ಈಗ ಕಿರುಚುತ್ತಿಲ್ಲ. ಬೆವರು ಗುರುತಲ್ಲ. ಅದನ್ನು ನಂಬಿ ಕೂತವರು ಈ ಲೋಕದಲ್ಲಿ ನಾನು ನೀನು ಇಬ್ಬರೇ ಇರಬೇಕು. ನಿನಗೆ ಹೇಳಿಕೊಟ್ಟವಳು ನಾನು. ಇದು ಕೈಗೆ ಸಿಕ್ಕ ದಿನವೇ ಹೋಗು. ಎಣ್ಣೆ ತಿಕ್ಕಬೇಡ. ಕೈ ಮುಗಿಯುತ್ತೇನೆ, ಹೋಗು.

ಅಕ್ಕ

*

ಮೇ ೨

ಅಕ್ಕಾ,

ಹೋದೆ. ಸೂಜಿ ಚುಚ್ಚಿ ಚೂರು ತೆಗೆದರು, ಕಾಯಿಸಿದರು, ಕರೆದು ಕೂರಿಸಿ ಹೇಳಿದರು. ನಿನಗೆ ಹೇಗೆ ಬರೆಯಬೇಕೋ ಗೊತ್ತಾಗದೆ ಇಷ್ಟು ದಿನ ತಡವಾಯಿತು. ಅದೇ. ಅಮ್ಮನದೇ.

ಮೊದಲು ಎಣ್ಣೆಯ ವಿಷಯ ಮುಗಿಸೋಣ. ನೀನು ಅದನ್ನೇ ಹಿಡಿದುಕೊಂಡು ಕೂತಿರುತ್ತೀಯೆಂದು ನನಗೆ ಗೊತ್ತು. ಡಾಕ್ಟರನ್ನು ಕೇಳಿದೆ. ಎಣ್ಣೆಯಿಂದ ಏನೂ ಆಗಿಲ್ಲ, ಆಗುವುದೂ ಇಲ್ಲ. ಗಂಟು ಹೋದ ವರ್ಷದಿಂದಲೇ ಇತ್ತು. ನಿನಗೆ ಬರೆಯುವ ಎಷ್ಟೋ ಮುಂಚೆ ನನ್ನ ಕೈಗೆ ಸಿಕ್ಕಿತ್ತು. ಸಿಕ್ಕ ದಿನ ಹೆದರಿದೆ, ಸುಳ್ಳು ಹೇಳುವುದಿಲ್ಲ. ಆಮೇಲೆ ದಿನಾ ಬೆಳಿಗ್ಗೆ ಎದ್ದ ಕೂಡಲೇ ದಿಂಬನ್ನು ಮುಟ್ಟಿ ನೋಡುತ್ತಿದ್ದೆ. ಒಣಗಿರುತ್ತಿತ್ತು. ಕುತ್ತಿಗೆ ಮುಟ್ಟಿ ನೋಡುತ್ತಿದ್ದೆ, ಅದೂ ಒಣಗಿರುತ್ತಿತ್ತು. ಸರಿ, ಇದು ಕ್ರೇಟಿನ ಗಂಟೇ ಎಂದುಕೊಂಡು ಜಾಕೆಟ್ಟು ಹಾಕಿ ಕೆಲಸಕ್ಕೆ ಹೋಗುತ್ತಿದ್ದೆ. ಮಂಜಿನ ಕೋಣೆಯಲ್ಲಿ ನಿಂತು ನನಗೆ ಬೆವರಿಲ್ಲ ಎಂದು ಧೈರ್ಯ ತಂದುಕೊಂಡವಳು ನಾನು. ಅದಕ್ಕೆ ನಿನ್ನ ಕೈವಾಡ ಬೇಕಾಗಿರಲಿಲ್ಲ.

ನಿನ್ನನ್ನು ಡಾಕ್ಟರ ಹತ್ತಿರ ಅಟ್ಟಿದೆನಲ್ಲ, ಅದು ಬರೀ ನಿನಗಾಗಿ ಅಲ್ಲ. ನಿನಗೆ ಬಂದು ನಿನ್ನನ್ನು ಉಳಿಸಿದರೆ ನನಗೂ ಒಂದು ದಾರಿ ಇದೆ ಎಂದುಕೊಂಡಿದ್ದೆ. ಊರಿಗೆಲ್ಲ ಬುದ್ಧಿ ಹೇಳುವವಳು ತನ್ನ ಕಾಲಬುಡ ನೋಡಿಕೊಳ್ಳಲಿಲ್ಲ.

ಕಂಕುಳಿಗೆ ಹರಡಿದೆ. ಇನ್ನೆಲ್ಲಿ ಎಂದು ನೋಡಲು ಸ್ಕ್ಯಾನ್ ಮಾಡುತ್ತಾರಂತೆ. ಮಗಳಿಗೆ ಹೇಳಿದೆ. ಅವಳು ಎದ್ದು ಹೋಗಿ ನನ್ನ ಜಾಕೆಟ್ಟನ್ನು ಒಗೆಯಲು ಹಾಕಿದಳು.  ಸ್ಕ್ಯಾನಿನ ದಿನ ನೀನು ಬಾ. ಜಗಳ ಆಡುವುದಿಲ್ಲ.

ಕಟ್ಟಿರುವೆ

*

ಮೇ ೯

ನನ್ನ ಕಟ್ಟಿರುವೆಗೆ,

ಬರುತ್ತೇನೆ. ಅಂಗಡಿಯ ಬಾಗಿಲಿಗೆ ಚೀಟಿ ಅಂಟಿಸಿದ್ದೇನೆ. ಜಗಳ ಆಡುವುದಿಲ್ಲ ಎಂದು ಬರೆಯಬೇಡ, ಅದನ್ನು ಓದಿದ ಮೇಲೇ ನನಗೆ ನಿಜವಾಗಿ ಹೆದರಿಕೆಯಾದದ್ದು.

ನನ್ನ ಎಕ್ಸ್‌ರೇ ಆಯಿತು. ಗಡಿಯಾರಕ್ಕೆ ಗಾಜು ಕೂರಿಸುವ ಪ್ರೆಸ್ಸಿನ ಹಾಗೇ ಇದೆ ಆ ಯಂತ್ರ, ಎರಡು ಹಲಗೆಯ ನಡುವೆ ಇಟ್ಟು ಒತ್ತುತ್ತಾರೆ. ಒತ್ತಡ ಹೆಚ್ಚಾದರೆ ಗಾಜು ಒಡೀತದೆ ಎಂದು ಆ ಹುಡುಗಿಗೆ ಹೇಳಿದೆ, ಪಾಪ ಅವಳಿಗೆ ಅರ್ಥವಾಗಲಿಲ್ಲ. ಏನೂ ಇಲ್ಲವಂತೆ. ಚೊಕ್ಕವಾಗಿದೆ. ವರ್ಷಕ್ಕೊಮ್ಮೆ ಬನ್ನಿ ಅಂದರು. ಸಂತೋಷಪಡಬೇಕಾದ ಸುದ್ದಿ. ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತಿದೆ. ಅಮ್ಮನ ಬೆವರು ಒರೆಸಿದ್ದು ನಾನು, ವರ್ಷಗಟ್ಟಲೆ ಸಾಯಲು ಸಿದ್ಧಳಾಗಿ ಕೂತದ್ದು ನಾನು. ಅದು ನನ್ನನ್ನು ದಾಟಿಕೊಂಡು ನಿನ್ನ ಹತ್ತಿರ ಹೋಯಿತು.

ಅಕ್ಕ

*

ಆಗಸ್ಟ್ ೧೭

ಅಕ್ಕಾ,

ನೀನು ಹೋದ ಮೇಲೆ ಮನೆ ಬಿಕೋ ಎನ್ನುತ್ತಿದೆ. ನೀನು ಅಡುಗೆಮನೆಯ ಗಡಿಯಾರ ಸರಿಮಾಡಿ ಹೋದೆಯಲ್ಲ, ಅದು ಈಗ ಬಹಳ ಗಟ್ಟಿಯಾಗಿ ಟಿಕ್ ಎನ್ನುತ್ತದೆ, ಮಗಳು ಅದನ್ನು ಟವೆಲ್ಲಿನಲ್ಲಿ ಸುತ್ತಿಟ್ಟಿದ್ದಾಳೆ.

ಸ್ಕ್ಯಾನಿನಲ್ಲಿ ನೋಡಿ, ಬೆನ್ನುಮೂಳೆಗೂ ಹರಡಿದೆ ಎಂದು ಡಾಕ್ಟರು ಹೇಳಿದ್ದು ನಿನ್ನೆದುರಿಗೇ. ಹಾಗಾಗಿ ಕತ್ತರಿಸಿ ತೆಗೆಯುವ ಮಾತಿಲ್ಲ. ವಾಸಿಯಾಗುವುದಿಲ್ಲ, ಹಿಡಿದಿಡುತ್ತೇವೆ ಎನ್ನುತ್ತಾರೆ. ಎಷ್ಟು ಕಾಲ ಎಂದು ಕೇಳಿದರೆ ಒಬ್ಬೊಬ್ಬರಿಗೆ ಒಂದೊಂದು ಥರ ಎನ್ನುತ್ತಾರೆ. ತಿಂಗಳಿಗೊಂದು ಇಂಜೆಕ್ಷನ್ ಹಾಕಿ ಮುಟ್ಟು ನಿಲ್ಲಿಸಿದ್ದಾರೆ, ಜೊತೆಗೆ ಮಾತ್ರೆ. ನಿನಗೆ ಅಷ್ಟು ತಿಂಗಳು ತೆಗೆದುಕೊಂಡು ಮೆಟ್ಟಿಲು ಮೆಟ್ಟಿಲಾಗಿ ಬಂದದ್ದು ನನಗೆ ಒಂದೇ ಸೂಜಿಯಲ್ಲಿ ಬಂದುಬಿಟ್ಟಿತು.

ನಿನ್ನೆ ಬೆವರು ಬಂತು, ಅಕ್ಕಾ.

ಮಂಜಿನ ಕೋಣೆಯಲ್ಲೇ ಬಂತು. ಹಗುರದ ಕೆಲಸ ಕೊಟ್ಟಿದ್ದಾರೆ, ತಾಪಮಾನ ನೋಡಿ ಬರೆದುಕೊಳ್ಳುವುದಷ್ಟೆ. ಸುತ್ತಲೂ ಹಿಮ ಕಟ್ಟಿದ ಪೆಟ್ಟಿಗೆಗಳು, ಬಾಯಿಂದ ಹೊಗೆ ಬರುತ್ತಿದೆ, ಒಳಗಿನಿಂದ ನಾನು ಉರಿಯುತ್ತಿದ್ದೇನೆ. ಜಾಕೆಟ್ಟು ಬಿಚ್ಚಿ ಎಸೆದೆ. ಇದು ಔಷಧಿಯ ಬೆವರು ಎಂದು ನನಗೆ ಗೊತ್ತು. ನೀನೇ ಬರೆದು ತಿಳಿಸಿದ್ದೆ. ಗೊತ್ತಿದ್ದೂ ಹೋಗಿ ಒಂದು ಕ್ರೇಟಿನ ಮೇಲೆ ಕೂತುಬಿಟ್ಟೆ. ಚಿಕ್ಕಮ್ಮನ ಮಾತೇ ಕಿವಿಯಲ್ಲಿ ಕೂತಿತ್ತು. ಸಾಯುವ ಸುದ್ದಿಯನ್ನು ಡಾಕ್ಟರ ಬಾಯಿಂದ ಕೇಳಿದಾಗ ಇಷ್ಟು ಹೆದರಿರಲಿಲ್ಲ.

ಮನೆಗೆ ಬಂದು ಮಗಳ ಕೈ ಹಿಡಿದೆ. ಅಮ್ಮಾ, ನಿನ್ನ ಕೈ ಬೆಚ್ಚಗಿದೆ ಎಂದು ಅವಳು ಸಂತೋಷಪಟ್ಟಳು.

ಇದನ್ನು ಹೇಗೆ ತಡೆದುಕೊಳ್ಳುವುದು, ಹೇಳು.

ತಂಗಿ

*

ಆಗಸ್ಟ್ ೨೪

ಕಟ್ಟಿರುವೆಗೆ,

ಈ ವಿಷಯದಲ್ಲಿ ಮಾತ್ರ ನಿನ್ನ ಅಕ್ಕ ಪಂಡಿತೆ. ಕೇಳು.

ಬರುವಾಗ ಗೊತ್ತಾಗುತ್ತದೆ, ಎದೆಯಲ್ಲಿ ಏನೋ ಕದಲಿದ ಹಾಗೆ. ಅದರ ಜೊತೆ ಗುದ್ದಾಡಬೇಡ. ಕೂತುಕೋ, ಉಸಿರನ್ನು ನಿಧಾನ ಬಿಡು. ಬಂದ ಹಾಗೇ ಹೋಗುತ್ತದೆ, ಇಲ್ಲಿಯವರೆಗೆ ಹೋಗದೆ ಉಳಿದದ್ದಿಲ್ಲ. ದಪ್ಪ ಜಾಕೆಟ್ಟಿನ ಬದಲು ಒಂದರ ಮೇಲೊಂದು ತೆಳು ಬಟ್ಟೆ ಹಾಕು, ಸಿಪ್ಪೆ ಸುಲಿದ ಹಾಗೆ ಒಂದೊಂದೇ ತೆಗೆಯಬಹುದು. ಹತ್ತಿಯದೇ ಆಗಲಿ. ಹಾಸಿಗೆಯ ಮೇಲೆ ಎರಡು ಹೊದಿಕೆ ಹಾಸಿಕೋ, ಒದ್ದೆಯಾದಾಗ ಮೇಲಿನದನ್ನು ಎಳೆದು ಎಸೆದು ಮತ್ತೆ ಮಲಗಿದರಾಯಿತು. ಹೀಗೆ ಮಾಡಬಹುದೆಂದು ಅಮ್ಮನ ಕಾಲದಲ್ಲಿ ನನಗೆ ಹೊಳೆದಿದ್ದರೆ ಅವಳನ್ನು ಅಷ್ಟು ಸಲ ಎಬ್ಬಿಸಿ ಕೂರಿಸುತ್ತಿರಲಿಲ್ಲ. ಕುದಿಯುವ ಕಾಫಿ ಬಿಡು, ಆರಿಸಿ ಕುಡಿ. ಒದ್ದೆ ಕರವಸ್ತ್ರ ಕುತ್ತಿಗೆಯ ಹಿಂದೆ ಇಟ್ಟುಕೋ. ನನ್ನ ಮಾತ್ರೆಯನ್ನು ಮಾತ್ರ ನೀನಾಗಿ ನುಂಗಬೇಡ. ಅದು ನಿನ್ನ ಔಷಧಿಗಳ ಜೊತೆ ಹೊಂದುತ್ತದೋ ಇಲ್ಲವೋ ನಿನ್ನ ಡಾಕ್ಟರೇ ಹೇಳಬೇಕು. ನನಗೆ ಅದರಿಂದ ಅರ್ಧ ಕಡಿಮೆಯಾಗಿದೆ. ಉಳಿದರ್ಧಕ್ಕೆ ಹಾರ್ಮೋನು ಬೇಡವೆಂದು ನಾನೇ ಹೇಳಿಬಿಟ್ಟೆ. ನನ್ನ ರಕ್ತದ ಪರೀಕ್ಷೆಯಲ್ಲಿ ಮನೆತನದ ಆ ದೋಷವಿಲ್ಲ, ಯೋಚಿಸಬಹುದು ಎಂದು ಡಾಕ್ಟರು ಅಂದರು. ನನಗೆ ಮನಸ್ಸಾಗಲಿಲ್ಲ. ನಿನ್ನ ರಕ್ತದಲ್ಲಿ ಇದೆಯಲ್ಲ.

ಅಂಗಡಿಯಲ್ಲಿ ಅಪ್ಪನ ಕಟ್ಟಳೆ ಮುರಿದೆ. ಬಿಚ್ಚಿದ ಗಡಿಯಾರದ ಮೇಲೆ ಗಾಜಿನ ಬಟ್ಟಲು ಕವುಚಿ, ಮೇಜಿನ ಕೆಳಗೆ ಕಾಲಿನ ಹತ್ತಿರ ಒಂದು ಪುಟ್ಟ ಫ್ಯಾನು ಇಟ್ಟುಕೊಂಡಿದ್ದೇನೆ. ಗಾಳಿ ಮೊಣಕಾಲು ದಾಟಿ ಬರುವುದಿಲ್ಲ. ಬೆವರು ಬಂದಾಗ ಚಪ್ಪಲಿ ಬಿಟ್ಟು ಕಾಲು ಚಾಚಿ ಕೂರುತ್ತೇನೆ. ಆ ಮುದುಕರು ಮತ್ತೆ ಬಂದಿದ್ದರು. ಹೊಸ ಸ್ಪ್ರಿಂಗು ತರಿಸಿ ಹಾಕಿದೆ, ನಡೆಯುತ್ತಿದೆ.

ಹೋದ ವಾರ ನನ್ನ ವಯಸ್ಸು ಅಮ್ಮನ ವಯಸ್ಸನ್ನು ದಾಟಿತು. ಇನ್ನು ಮೇಲೆ ಅವಳು ನನಗಿಂತ ಚಿಕ್ಕವಳು. ಯಾರಿಗೂ ಹೇಳಲಿಲ್ಲ. ನಿನಗೆ ಹೇಳಬೇಕೆನಿಸಿತು, ಆದರೆ ನಿನಗೆ ಹೇಳುವುದೇ ಎಲ್ಲಕ್ಕಿಂತ ಕಷ್ಟವಾಯಿತು.

ಚಳಿಗಾಲಕ್ಕೆ ಬಂದು ಉಳಿಯುತ್ತೇನೆ. ನಿನ್ನ ಭಾವ ಒಪ್ಪಿದ್ದಾರೆ, ಬಸ್ಸಿನಲ್ಲಿ ಅವರೇ ಕರೆತಂದು ಬಿಡುತ್ತಾರೆ.

ಅಕ್ಕ

*

ಜನವರಿ ೨೧

ಅಕ್ಕಾ,

ಕೈ ಬೇಗ ಸೋಲುತ್ತದೆ. ಎರಡು ದಿನ ಹಿಡಿದು ಬರೆದ ಕಾಗದ ಇದು, ಅಕ್ಷರ ಕೋಳಿ ಕಾಲಿನ ಹಾಗಿದ್ದರೆ ನಗಬೇಡ.

ನೀನು ಹೊರಡುವ ಹಿಂದಿನ ದಿನ ಮಧ್ಯಾಹ್ನ ನೆನಪಿದೆಯಾ? ಇಬ್ಬರೂ ಊಟ ಮಾಡಿ ಮಲಗಿದ್ದೆವು. ಒಂದೇ ಸಲ ಇಬ್ಬರಿಗೂ ಬಂತು. ನಿನ್ನದು ತಾನಾಗಿ, ನನ್ನದು ಸೂಜಿಯಿಂದ. ನೀನು ಎದ್ದು ಆ ಚಳಿಯಲ್ಲಿ ಕಿಟಕಿಗಳನ್ನೆಲ್ಲ ತೆರೆದೆ. ಮಗಳು ಸ್ವೆಟರಿನ ಮೇಲೆ ಶಾಲು ಹೊದ್ದು ಮೂಲೆಯಲ್ಲಿ ಮುದುಡಿ ಕೂತು, ಈ ಮನೆ ಅಮ್ಮನ ಕೋಲ್ಡ್ ಸ್ಟೋರೇಜಿಗಿಂತ ಕಡೆಯಾಯ್ತು, ನಿಮ್ಮಿಬ್ಬರ ಮಧ್ಯೆ ನಾನು ಸತ್ತೇ ಹೋಗ್ತೀನಿ ಅಂದಳು. ಅಂದವಳು ನಾಲಿಗೆ ಕಚ್ಚಿಕೊಂಡಳು. ನೀನು ನಕ್ಕುಬಿಟ್ಟೆ, ಆಮೇಲೆ ನಾನು, ಕೊನೆಗೆ ಅವಳೂ. ನಾವಿಬ್ಬರೂ ಹಾಗೆ ನಕ್ಕು ಎಷ್ಟು ವರ್ಷವಾಗಿತ್ತೋ.

ನೀನು ಹೋದ ಮೇಲೆ ಔಷಧಿ ಬದಲಿಸಿದರು. ಮೊದಲಿನದು ಹಿಡಿದಿಡುತ್ತಿಲ್ಲ. ಈಗ ಯಕೃತ್ತಿಗೂ ಬಂದಿದೆ. ಡಾಕ್ಟರು ಈ ಸಲ, ಒಬ್ಬೊಬ್ಬರಿಗೆ ಒಂದೊಂದು ಥರ ಎನ್ನಲಿಲ್ಲ. ನಾನೂ ಕೇಳಲಿಲ್ಲ. ನೀನು ಬರುವೆ, ಗೊತ್ತು. ಬೇಗ ಬಾ. ಅಮ್ಮನ ಹತ್ತಿರ ನಾನು ಇರಲಿಲ್ಲ, ನನ್ನ ಹತ್ತಿರ ನೀನಿರು. ಮಗಳನ್ನು ಯಾರ ಮನೆಗೂ ಕಳಿಸಬೇಡಿ. ಹೆದರಿದರೂ ಇರಲಿ.

ಅವಳ ವಿಷಯ ಬರೆಯಲೆಂದೇ ಪೆನ್ನು ಹಿಡಿದದ್ದು. ಇಪ್ಪತ್ತೊಂದು ತುಂಬುತ್ತಿದೆ. ರಕ್ತದ ಪರೀಕ್ಷೆ ಮಾಡಿಸುವುದೋ ಬೇಡವೋ ಎಂದು ಯೋಚಿಸುತ್ತಿದ್ದಾಳೆ. ಒತ್ತಾಯ ಮಾಡಬೇಡ, ಆದರೆ ಮರೆಯಲೂ ಬಿಡಬೇಡ. ನನ್ನ ಹಾಗೆ ದಿಂಬು ಮುಟ್ಟಿ ನೋಡುವುದನ್ನು ಕಲಿಸಬೇಡ. ಎಲ್ಲಿ ಮುಟ್ಟಿ ನೋಡಬೇಕೋ ಅದನ್ನು ಕಲಿಸು. ಕ್ಯಾನ್ಸರನ್ನು ಕ್ಯಾನ್ಸರ್ ಎಂದೇ ಕರೆಯಿರಿ. ಬೆವರನ್ನು ಬೆವರು ಎಂದು ಕರೆಯಿರಿ.

ಇನ್ನೊಂದು ಮಾತು. ಮುಟ್ಟು ತಾನಾಗಿ ನಿಂತು, ವಯಸ್ಸಿನ ಬೆವರು ಬಂದು, ಅದನ್ನು ಬೈದುಕೊಂಡು ಓಡಾಡುತ್ತಿರುವವಳು ನಮ್ಮ ಮನೆಯ ಹೆಂಗಸರಲ್ಲಿ ನೀನೊಬ್ಬಳೇ. ಯಾರನ್ನು ಕೇಳಲಿ ಎಂದು ನೀನು ಮೊದಲ ಕಾಗದದಲ್ಲಿ ಬರೆದಿದ್ದೆ. ನನ್ನ ಮಗಳು ಹಾಗೆ ಬರೆಯುವಂತಾಗಬಾರದು. ಅವಳಿಗೆ ಆ ವಯಸ್ಸು ಬರುವಾಗ ನೀನು ಮುದುಕಿಯಾಗಿ, ಹಲ್ಲುದುರಿ, ಟೈಲರಮ್ಮನ ತಾಯಿಯ ಹಾಗೆ ಎಲ್ಲರನ್ನೂ ಬೈಯುತ್ತಾ ಕೂತಿರಬೇಕು. ಹೊದಿಕೆ ಎರಡು ಹಾಸು, ಕಾಫಿ ಆರಿಸಿ ಕುಡಿ, ಬಂದ ಹಾಗೇ ಹೋಗುತ್ತೆ ಎಂದು ಅವಳಿಗೆ ಹೇಳಬೇಕು.

ಅವಳಿಗೆ ಬೆವರು ಬರಲಿ, ಅಕ್ಕಾ. ತನ್ನ ಕಾಲಕ್ಕೆ ತಾನಾಗಿ ಬರಲಿ. ಅವಳನ್ನು ಅಲ್ಲಿಯವರೆಗೆ ಕರೆದುಕೊಂಡು ಹೋಗು.

ನಿನ್ನ ಕಟ್ಟಿರುವೆ